ತಾಂಡೂರಿನಿಂದ ತಿರುಗಿ ಬಂದ ದನಿ

ಪಡಸಾಲೆಯಲ್ಲಿ ಮೊಬೈಲಿನಿಂದ ಹೊರಟ ದನಿ ಅಡುಗೆಮನೆಗೆ ಬಂದು ಮುಟ್ಟಿದಾಗ, ಭಾಗ್ಯಜ್ಯೋತಿ ಬಡಿಯುತ್ತಿದ್ದ ರೊಟ್ಟಿ ಅರ್ಧಕ್ಕೇ ನಿಂತಿತು.

“ಅಕ್ಕಾ ತಂಗೇರ, ಹುಷಾರ ಇರ್ರಿ! ಮಕ್ಕಳ ಕಳ್ಳ ಬಂದಾನ. ನೀಲಿ ಅಂಗಿ ಹಾಕ್ಯಾನ, ಕೈಯಾಗ ಚೀಲ ಅದ. ಶೇಂಗಾದ ಉಂಡಿ ಕೊಟ್ಟು ಹುಡುಗೂರ್ನ ಕರ್ಕೊಂಡು ಹೋಗ್ಲಿಕತ್ತಾನ. ಫೋಟೋ ಹಾಕೀನಿ ನೋಡ್ರಿ. ಸಿಕ್ರ ಬಿಡಬ್ಯಾಡ್ರಿ!”

ನಾಲ್ಕು ತಿಂಗಳ ಹಿಂದೆ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ದಾನಮ್ಮ ಏನೂ ಅರಿಯದೆ ನಗುತ್ತಿದ್ದಳು. “ತಾಂಡೂರದಾಗಿನ ನಮ್ಮ ತಂಗಿ ಇವತ್ತ ಕಳಿಸ್ಯಾಳ. ನೀಲಾಬಾಯಿ, ಜರಾ ಕೇಳ್ರಿ, ದನಿ ಥೇಟ ನಿಮ್ಮದೇ ಇದ್ದಂಗ ಅದ!”

ತೊಗರಿ ಹಸನು ಮಾಡುತ್ತಿದ್ದ ನೀಲಾಬಾಯಿಯ ಕೈಯಿಂದ ಮೊರ ಜಾರಿತು. ಕಾಳು ಪಡಸಾಲೆಯ ತುಂಬ ಚೆಲ್ಲಿದವು. ಬಾಗಿಲಿಗೆ ಬಂದು ನಿಂತ ಸೊಸೆ ಅತ್ತೆಯ ಮುಖ ನೋಡಿದಳು. ಅಷ್ಟೇ ಸಾಕಾಯಿತು. ಹನ್ನೊಂದು ತಿಂಗಳಿಂದ ಪೊಲೀಸರು ಹುಡುಕಿ ಸುಸ್ತಾದದ್ದು ಅವಳಿಗೆ ಒಂದೇ ನೋಟಕ್ಕೆ ಸಿಕ್ಕಿತು.

“ದಾನಮ್ಮಕ್ಕ, ಅದನ್ನ ಮತ್ಯಾರಿಗೂ ಕಳಿಸಬ್ಯಾಡ್ರಿ,” ಎಂದಳು ಹಿಟ್ಟಿನ ಕೈಯಲ್ಲೇ. “ನನಗೊಬ್ಬಾಕಿಗೆ ಕಳಿಸ್ರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದರು ಹಿರಿಯರು. ಪಾಪ, ಅವರ ಕಾಲದಲ್ಲಿ ವಾಟ್ಸಾಪ್ ಇರಲಿಲ್ಲ. ಈಗ ಆಡಿದ ಮಾತು ಹೋಗುವುದೇ ಇಲ್ಲ. ಗಡಿ ದಾಟಿ ತಾಂಡೂರು ಸುತ್ತಿ, ಇನ್ನೊಬ್ಬರ ಮನೆ ಹಾಳು ಮಾಡುವ ತಯಾರಿಯಲ್ಲಿ, ತಾನು ಹುಟ್ಟಿದ ಮನೆಗೇ ವಾಪಸು ಬಂದು ಕೂಡುತ್ತದೆ!

ಹೋದ ವರ್ಷದ ಪಂಚಮಿಗೆ ಭಾಗ್ಯಜ್ಯೋತಿಯನ್ನು ತವರಿಗೆ ಕರೆಯಲು ಅಣ್ಣ ಸಾಯಬಣ್ಣ ವಾಡಿಯಿಂದ ಚಿಂಚೋಳಿ ಮಗ್ಗುಲಿನ ಈ ಚಂದಾಪುರಕ್ಕೆ ಬಂದಿದ್ದ. ರೈಲ್ವೆ ಹಳಿಯ ಕೆಲಸ ಅವನದು. ತಂದೆತಾಯಿ ಇಲ್ಲದ ತಂಗಿಗೆ ಅವನೊಬ್ಬನೇ ತವರು. ಆದರೆ ನೀಲಾಬಾಯಿಗೆ ಅವನ ಮೇಲೆ ಹಳೆಯ ಹಗೆ. “ನನ್ನ ತಂಗಿಗಿ ಹೊಟ್ಟಿತುಂಬ ಕೂಳು ಹಾಕ್ರಿ” ಎಂದು ಒಮ್ಮೆ ನಾಲ್ಕು ಮಂದಿ ಹಿರಿಯರ ಮುಂದೆ ಕೇಳಿಬಿಟ್ಟಿದ್ದ. ಪಂಚಮಿಗೆ ಅವನು ಬಂದ ದಿನ ನೀಲಾಬಾಯಿ ಸೊಸೆಯನ್ನು ನೀರು ತರಲು ಅಟ್ಟಿ, ಅವನನ್ನು ಬಾಗಿಲಲ್ಲೇ ನಿಲ್ಲಿಸಿ, “ಕಳಿಸಂಗಿಲ್ಲ, ಹೋಗು” ಎಂದಿದ್ದಳು. ಪಾಪ ಸಾಯಬಣ್ಣ! ತಂಗಿಗೆಂದು ತಂದ ಶೇಂಗಾದ ಉಂಡಿಯನ್ನು ಓಣಿಯಲ್ಲಿ ಆಡುತ್ತಿದ್ದ ಮಕ್ಕಳಿಗೆ ಎರಡೆರಡು ಹಂಚಿ, ಉಳಿದ ಚೀಲ ಹಿಡಿದು ಸೇಡಂ ಕಡೆಯ ಟಂಟಂ ಆಟೊ ಹತ್ತಿದ್ದ. ದಾರಿಯ ಒಂದು ಹಳ್ಳಿಯಲ್ಲಿ ಇಳಿದು ಬಸ್ಸಿಗೆ ಕಾಯುವಾಗ ಅಲ್ಲಿಯ ಮಕ್ಕಳಿಗೂ ಉಂಡಿ ಕೊಟ್ಟ. ಅವನಿಗಿಂತ ಮೊದಲೇ ಅವನ ಫೋಟೋ ಅಲ್ಲಿ ಮುಟ್ಟಿತ್ತು...

ಮಂದಿ ಅವನನ್ನು ಬಡಿದು ಕೊಂದರು. ಬಡಿಯುವುದನ್ನು ವಿಡಿಯೋ ಮಾಡಿದರು. ಆ ವಿಡಿಯೋದಲ್ಲಿ ಅಣ್ಣ ಕೈ ಮುಗಿದು, “ತಂಗಿನ್ನ ಕರಿಲಿಕ್ಕಿ ಬಂದಿದ್ದೆರೀ” ಎನ್ನುತ್ತಿದ್ದುದನ್ನು ಭಾಗ್ಯಜ್ಯೋತಿ ಒಂದೇ ಸಲ ನೋಡಿದ್ದಳು. ಆರು ಮಂದಿಯನ್ನು ಹಿಡಿದರು, ಆರೂ ಮಂದಿ ಜಾಮೀನಿನ ಮೇಲೆ ಹೊರಬಂದರು. “ಮೆಸೇಜ್ ನಂಬಿ ತಪ್ಪು ಮಾಡಿದೆವು” ಎಂದರು. ಎಲ್ಲಿದೆ ಮೆಸೇಜು? ಎಲ್ಲರೂ ಫೋನಿನಿಂದ ಅಳಿಸಿದ್ದರು. ಪಿಎಸ್‌ಐ ರೇವಣಪ್ಪ ತಿಂಗಳುಗಟ್ಟಲೆ ಅಲೆದು, ವಾಟ್ಸಾಪ್ ಕಂಪನಿಗೆ ಪತ್ರ ಬರೆದು, ಕೊನೆಗೆ ತಲೆತಗ್ಗಿಸಿ ಹೇಳಿದ್ದ: “ಕೊಲಿ ಮಾಡಿದವ್ರು ಸಿಕ್ಕಾರ ತಂಗಿ. ಮಾಡ್ಸಿದ ದನಿ ಸಿಗವಲ್ದು.”

ಆ ದನಿ ಇದೇ ಮನೆಯಲ್ಲಿತ್ತು! ಹನ್ನೊಂದು ತಿಂಗಳು ಅದಕ್ಕೆ ಬಿಸಿ ರೊಟ್ಟಿ ಹಾಕಿದ್ದಳು. ಅದರ ಕಾಲು ಒತ್ತಿದ್ದಳು.

ದಾನಮ್ಮ ಎದ್ದುಹೋದ ಮೇಲೆ, ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದ ಗಂಡ ಶಾಂತಕುಮಾರನ ಮುಂದೆ ಅವಳು ತಾಟು ಇಡಲಿಲ್ಲ, ಮೊಬೈಲ್ ಇಟ್ಟು ಒತ್ತಿದಳು. ದನಿ ಮುಗಿಯುವ ಮೊದಲೇ ಅವನ ಮುಖ ಬಿಳುಚಿತು.

“ನಿಮಗ ಗೊತ್ತಿತ್ತಾ?”

“ಭಾಗ್ಯಾ... ಅವ್ವ ನಿಮ್ಮಣ್ಣಂದು ಫೋಟೋ ತೆಗದು, ಬರೇ ಹೆದರಿಸ್ಲಿಕ್ಕಿ ಅಂತ ಹಾಕಿದ್ದಳು. ಒಮ್ಮಿ ಮಂದಿ ಬೆನ್ನ ಹತ್ತಿದ್ರ ಮತ್ತ ಈ ಕಡಿ ಬರಂಗಿಲ್ಲ ಅಂತ... ನಮ್ಮ ನೆಂಟರ ಗ್ರೂಪಿಗೆ ಅಷ್ಟೇ ಹಾಕಿದ್ದಳು. ಹಿಂಗ ಆಗ್ತದಂತ ಯಾರಿಗೆ ಗೊತ್ತಿತ್ತು?”

“ನಿಮಗ ಯಾವಾಗ ಗೊತ್ತಾಯ್ತು?”

ಅವನು ನೆಲ ನೋಡಿದ. “ಅವತ್ತೇ. ನಾನೇ ಎಲ್ಲರಿಗೂ ಫೋನ್ ಮಾಡಿ ಅಳಿಸ್ಲಿಕ್ಕಿ ಹಚ್ಚಿದೆ. ಅವ್ವನ ಫೋನ ಮುಲ್ಲಾಮಾರಿ ಹೊಳಿಗಿ ಒಗದೆ.”

“ಅವತ್ತೇ!” ಅವಳು ಮೊಬೈಲ್ ಎತ್ತಿಕೊಂಡಳು. “ಅಂದ್ರ ಹೊಳಿಗಿ ಫೋನ ಒಗದು ಬಂದು, ಅದೇ ಕೈಲೆ ನಮ್ಮಣ್ಣಗ ಮಣ್ಣ ಹಾಕಿದ್ರಿ? ನನ್ನ ಅಪ್ಪಿಕೊಂಡು ಅತ್ತಿದ್ರಿ? ಠಾಣೆಗೆ ನನ್ನ ಜೋಡಿ ಎಷ್ಟ ಸಲ ಬಂದ್ರಿ, ಎಷ್ಟ ಸಲ ‘ದೇವ್ರು ನೋಡ್ಕೋತಾನ’ ಅಂದ್ರಿ!”

ನೀಲಾಬಾಯಿ ಚೆಲ್ಲಿದ ಕಾಳಿನ ಮೇಲೇ ತೆವಳಿ ಬಂದು ಸೊಸೆಯ ಕಾಲು ಹಿಡಿದಳು. ಜೀವಮಾನದಲ್ಲಿ ಯಾರಿಗೂ ತಲೆ ಬಾಗದ ಹೆಂಗಸು! “ನನ್ನವ್ವ, ತಪ್ಪಾತು... ಮುದುಕಿ ಇದ್ದೀನಿ, ಜೇಲಿನಾಗ ಸತ್ತೇ ಹೋಗ್ತೀನಿ. ನಿನ್ನ ಹೊಟ್ಟ್ಯಾಗ ಹಾಕ್ಕೋ!”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆದರೆ ತನ್ನ ಕಾಲ ಇಷ್ಟು ಕಹಿಯಾಗಿ ಬರುತ್ತದೆಂದು ಭಾಗ್ಯಜ್ಯೋತಿ ಎಣಿಸಿರಲಿಲ್ಲ. ಒಂದು ಗಳಿಗೆ ಆ ನರೆತ ತಲೆ ನೋಡಿ ಎಬ್ಬಿಸಲು ಬಗ್ಗಿದ್ದು ನಿಜ. ಆಮೇಲೆ ಕಾಲು ಬಿಡಿಸಿಕೊಂಡಳು.

“ಆತನೂ ಕೈ ಮುಗದಿದ್ದ ಅತ್ತಿ. ಊರ ಮಂದಿ ಎಲ್ಲಾ ನೋಡ್ಯಾರ, ನೀವೂ ನೋಡೀರಿ. ‘ಸಿಕ್ರ ಬಿಡಬ್ಯಾಡ್ರಿ’ ಅಂದಾಕಿ ನೀವೇ. ನಾ ಬಿಡಂಗಿಲ್ಲ.”

ಶಾಂತಕುಮಾರ ಬಾಗಿಲಿಗೆ ಅಡ್ಡ ನಿಂತ. “ಮನಿ ಮಾನ ಹೋಗ್ತದ! ನಾನೂ ಒಳಗ ಹೋಗ್ತೀನಿ, ಗೊತ್ತದ ಏನು? ನಿನಗ ತವರೂ ಇಲ್ಲ. ನಾಳಿ ಎಲ್ಲಿಗಿ ಹೋಗ್ತಿ?”

“ತವರು ಇತ್ತು. ನೀವಿಬ್ರೂ ಕೂಡಿ ಮಣ್ಣ ಮಾಡಿದ್ರಿ. ನಾ ಎಲ್ಲಿಗಿ ಹೋಗ್ಬೇಕು ಅನ್ನೋದು ನನಗ ಬಿಡ್ರಿ. ಈ ದನಿ ಇನ್ನೂ ತಿರಗ್ಲಿಕತ್ತದ. ಇವತ್ತ ಸಂಜಿಗಿ ಮತ್ತ್ಯಾರ ಅಣ್ಣ ಚೀಲ ಹಿಡ್ಕೊಂಡು ಯಾವ ಊರಾಗ ಬಸ್ಸಿಗಿ ನಿಂತಾನೋ! ಸರೀರಿ.”

ಅವನು ಸರಿಯಲಿಲ್ಲ. ಅವಳು ಅವನನ್ನು ನೂಕಿಕೊಂಡೇ ಹೊರಬಿದ್ದಳು. ಮೂರು ವರ್ಷದಲ್ಲಿ ಗಂಡನಿಗೆ ಎದುರಾಡಿದವಳಲ್ಲ, ಅಂದು ಹಿಟ್ಟಿನ ಕೈ ತೊಳೆಯದೆ ಬಿಸಿಲಲ್ಲಿ ಚಿಂಚೋಳಿಯ ಠಾಣೆಯವರೆಗೆ ನಡೆದಳು.

ರೇವಣಪ್ಪ ಆ ದನಿಯನ್ನು ಎರಡು ಸಲ ಕೇಳಿದ. ಮೂರನೆಯ ಸಲ ಕೇಳಲು ಅವನಿಗೂ ಆಗಲಿಲ್ಲ.

“ಮೊದಲ ಇದನ್ನ ಎಲ್ಲಾ ಠಾಣೆಗೂ ತಿಳಿಸ್ತೀನಿ. ಡಂಗುರ ಸಾರಿಸ್ತೀನಿ, ಇದು ಸುಳ್ಳಂತ,” ಎಂದ. “ಇನ್ನ ಹೇಳ್ರಿ ತಂಗಿ, ದನಿ ಯಾರದು?”

“ನಮ್ಮತ್ತಿದು. ನೀಲಾಬಾಯಿ. ಅದನ್ನ ಎಲ್ಲರ ಫೋನಿಂದ ಅಳಿಸಿ, ಆಕಿ ಫೋನ ಹೊಳಿಗಿ ಒಗದಾರ.”

ಪೇದೆ ಬರೆದುಕೊಂಡ.

“ಅಳಿಸಿದವ್ರು? ಫೋನ್ ಹೊಳಿಗಿ ಹಾಕಿದವ್ರು?”

“ನಮ್ಮ ಮನಿಯವ್ರು.”

“ಮನಿಯವ್ರು ಅಂತ ಬರಿಲಿಕ್ಕಿ ಬರಂಗಿಲ್ಲ. ಹೆಸರು ಹೇಳ್ರಿ.”

ಆ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆಯ ದಿನ ಎಲ್ಲರ ಒತ್ತಾಯಕ್ಕೆ ನಾಚಿ, ಒಡಪೆಂಬ ಪ್ರಾಸದ ಸಾಲಿನಲ್ಲಿ ಮುಚ್ಚಿಟ್ಟು ಒಮ್ಮೆ ಹೇಳಿದ್ದಷ್ಟೇ. ಆಮೇಲೆ ಮೂರು ವರ್ಷ ಅವಳ ನಾಲಿಗೆಯ ಮೇಲೆ ಆ ಹೆಸರು ಬಂದಿರಲಿಲ್ಲ.

ಅಷ್ಟರಲ್ಲಿ ಓಡೋಡಿ ಬಂದ ಗಂಡ ಠಾಣೆಯ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ. “ಭಾಗ್ಯಾ... ಬ್ಯಾಡ...” ಎಂದ. ಅವಳು ಹೊರಳಿ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ನಡುಗಲಿಲ್ಲ.

“ಶಾಂತಕುಮಾರ,” ಎಂದಳು.