ಇದ್ದ ಬಣ್ಣ ಇದ್ದ ಹಾಗೆ

ಚಪ್ಪಲಿ ಬಿಟ್ಟು ಅಂಗಡಿಯೊಳಗೆ ಕಾಲಿಡುವಾಗಲೇ ನಾಗೇಂದ್ರನ ಕಂಪ್ಯೂಟರಿನಲ್ಲಿ ಒಬ್ಬ ಮದುಮಗಳು ಕಂಡಳು. ಹಾಲಿನಂಥ ಬಿಳುಪು. ಯಾರೋ ಬೇರೆ ಫೋಟೋಗ್ರಾಫರ್ ಕೊಟ್ಟ ಕೆಲಸ ಇರಬೇಕು ಎಂದುಕೊಂಡು, ಇದು ಯಾರ ಮದುವೆ ಎಂದು ಕೇಳಿದೆ.

ಅವನು ನನ್ನ ಕಡೆ ತಿರುಗಲಿಲ್ಲ. "ನೀವೇ ತೆಗ್ದಿದ್ದು ಕಣ್ರೀ," ಎಂದ.

ಹತ್ತಿರ ಹೋಗಿ ನೋಡಿದೆ. ಸೀರೆಯ ಗುರುತು ಸಿಕ್ಕಿತು, ಮೂಗುತಿಯ ಗುರುತು ಸಿಕ್ಕಿತು, ಹುಡುಗಿಯ ಗುರುತು ಮಾತ್ರ ಸಿಗಲಿಲ್ಲ. ಆಮೇಲೆ ಹೊಳೆಯಿತು. ನನ್ನ ಕೋಮಲ! ತಾಂಡ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವ, ನಗಲು ಶುರು ಮಾಡಿದರೆ ನಿಲ್ಲಿಸಲು ಬಾರದ, ರಾಗಿ ಬಣ್ಣದ ಕೋಮಲ. ಅವಳಿಗೆ ಇವನು ಸುಣ್ಣ ಬಳಿದು ಕೂರಿಸಿದ್ದ.

ನನ್ನ ಸ್ಟುಡಿಯೋ ಇರುವುದು ನಂಜನಗೂಡಿನಲ್ಲಿ. ಮದುವೆ, ಸೀಮಂತ, ನಾಮಕರಣ, ಎಲ್ಲಕ್ಕೂ ಹೋಗಿ ಫೋಟೋ ತೆಗೆಯುವವಳು ನಾನು, ಮಧುಶ್ರೀ. ಅವನ್ನೆಲ್ಲ ಜೋಡಿಸಿ ಆಲ್ಬಮ್ ಮಾಡುವವನು ಟಿ. ನರಸೀಪುರದ ಈ ನಾಗೇಂದ್ರ. ನಿಜ ಹೇಳಬೇಕೆಂದರೆ ಪೆನ್‌ಡ್ರೈವ್ ಹಿಡಿದುಕೊಂಡು ಬಸ್ಸು ಹತ್ತುವ ಅಗತ್ಯವೇ ಇಲ್ಲ, ಕೂತಲ್ಲಿಂದಲೇ ಕಳಿಸಬಹುದು. ಅದು ನನಗೂ ಗೊತ್ತು, ಅವನಿಗೂ ಗೊತ್ತು. ನೆಟ್‌ವರ್ಕ್ ಸರಿಯಿಲ್ಲ ಎಂದು ನಾನು ಹೇಳುತ್ತೇನೆ. ಹೌದೌದು, ಇಲ್ಲೂ ಸರಿಯಿಲ್ಲ ಎಂದು ಅವನು ಹೇಳುತ್ತಾನೆ.

ಹೋದಾಗೆಲ್ಲ ಫ್ಯಾನನ್ನು ನನ್ನ ಕಡೆ ತಿರುಗಿಸುತ್ತಾನೆ. ಕಬ್ಬಿನ ಹಾಲು ತರಿಸುತ್ತಾನೆ. ತಾನು ಮಾತ್ರ ಕೆಲಸ ಮಾಡುವವನ ಹಾಗೆ ಆ ಕಡೆ ತಿರುಗಿ ಕೂತು, ನಾನು ಕುಡಿಯುವುದನ್ನು ಸ್ಕ್ರೀನಿನ ಗಾಜಿನಲ್ಲಿ ನೋಡುತ್ತಾನೆ. ನೋಡಿಕೊಳ್ಳಲಿ ಎಂದು ನಾನೂ ನಿಧಾನವಾಗಿಯೇ ಕುಡಿಯುತ್ತೇನೆ.

ಇಂಥವನು ಯಾಕೆ ಹೀಗೆ ಮಾಡಿದ ಎಂದು ತಿಳಿಯಬೇಕಾದರೆ ಆ ವಾರದ ರಾಮಾಯಣ ಹೇಳಬೇಕು. ಮದುವೆಯ ಮಾರನೆಯ ದಿನ ಕೋಮಲ ಸಂಗಮದ ಮೆಟ್ಟಿಲ ಮೇಲೆ ಕೂತು ತಲೆ ಹಿಂದಕ್ಕೆ ಎಸೆದು ನಕ್ಕಿದ್ದಳು. ಸಂಜೆಯ ಬಿಸಿಲು ಅವಳ ಕೆನ್ನೆಯ ಮೇಲಿತ್ತು. ಆ ಫೋಟೋವನ್ನು ಇದ್ದ ಬಣ್ಣದಲ್ಲೇ ನನ್ನ ಪೇಜಿಗೆ ಹಾಕಿದೆ. ಎಲ್ಲೆಲ್ಲಿಂದಲೋ ಜನ ಬಂದರು. ಈಯಮ್ಮನಿಗೆ ಲೈಟ್ ಹಾಕಲು ಬರಲ್ಲ, ಎಡಿಟಿಂಗಿಗೆ ಕಾಸಿಲ್ವಾ, ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟರೆ ಹೀಗೇ ಎಂದೆಲ್ಲ ಬರೆದರು. ಕೋಮಲಳಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ನನಗೆ ಬೈದದ್ದನ್ನು ಓದಿ, ಊಟ ಮಾಡಿ, ಹಾಯಾಗಿ ಮಲಗಿದೆ. ನನ್ನ ಕೆಲಸ ಏನೆಂದು ನನಗೆ ಗೊತ್ತಿದೆ. ಮುಖ ತೋರಿಸದವರ ಮಾತಿಗೆ ನಾನು ಯಾಕೆ ನಿದ್ದೆ ಕೆಡಿಸಿಕೊಳ್ಳಲಿ? ಆದರೆ ಕೋಮಲಳ ವಿಷಯಕ್ಕೆ ಸುಮ್ಮನಿರಲು ಆಗಲಿಲ್ಲ. ಹೊಲಸು ಬಾಯಿಯವರನ್ನು ಬ್ಲಾಕ್ ಮಾಡಿ, ಅವಳಿಗೆ ಫೋನ್ ಮಾಡಿ, ಫೋಟೋವನ್ನು ಪೇಜಿನಿಂದ ತೆಗೆದುಬಿಡಲಾ ಎಂದು ಕೇಳಿದೆ. ಮೊದಲ ದಿನ ಅತ್ತಳಂತೆ. ಆಮೇಲೆ ಫ್ಯಾಕ್ಟರಿ ವ್ಯಾನಿನಲ್ಲಿ ಗೆಳತಿಯರೆಲ್ಲ ಆ ಕಮೆಂಟುಗಳನ್ನು ಜೋರಾಗಿ ಓದಿ, ಬರೆದವರ ಪ್ರೊಫೈಲ್ ಫೋಟೋ ನೋಡಿ ನಕ್ಕು ನಕ್ಕು ಸುಸ್ತಾದರಂತೆ. "ತಗೀಬ್ಯಾಡ ಸುಮ್ನಿರಕ್ಕ," ಎಂದಳು, "ನಮ್ಮನೆಯವ್ರು ಮೊಬೈಲ್‌ಗೆ ಅದ್ನೇ ಹಾಕ್ಕೊಂಡವ್ರೆ."

ಇಷ್ಟೆಲ್ಲ ಗೆದ್ದು ಬಂದ ಹುಡುಗಿಯ ಆಲ್ಬಮ್ಮಿನಲ್ಲಿ ಈಗ ಈ ಬಿಳಿ ಕೋಮಲ.

ಯಾರು ಹೇಳಿದರು ಹೀಗೆ ಮಾಡಲು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ದಿನಾ ನನ್ನ ಪೇಜಿನಲ್ಲಿ ಆ ಬೈಗುಳ ಓದುತ್ತಿದ್ದನಂತೆ. ಆಲ್ಬಮ್ ಆದರೂ ಯಾರ ಬಾಯಿಗೂ ಸಿಗದಿರಲಿ ಎಂದು ತಾನೇ ತಿದ್ದಿದ್ದನಂತೆ.

"ನಿಮ್ಮನ್ನ ಬಯ್ಯೋದ ನೋಡಕ್ಕಾಗ್ನಿಲ್ಲ ಕಣ್ರೀ."

"ಅದ್ಕೆ ಬಯ್ಯೋರ ಜೊತೆ ಸೇರ್ಕೊಂಡ್ರಾ?"

ಅವನ ಮುಖ ಸಪ್ಪಗಾಯಿತು. ಪಾಪ ಅನಿಸಿತು, ಆದರೂ ಬಿಡಲಿಲ್ಲ. ಯಾಕೆಂದರೆ ನಾನೂ ಕೋಮಲಳ ಬಣ್ಣದವಳೇ. ಗುಲಗಂಜಿಯಷ್ಟು ಹೆಚ್ಚೇ ಕಪ್ಪು. ಇವನ ಕಣ್ಣಿಗೆ ಅವಳು ತಿದ್ದಬೇಕಾದವಳಾದರೆ ನಾನು ಏನು? ಈ ಮನುಷ್ಯನನ್ನು ನಾನು ಪ್ರೀತಿಸುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಊರೆಲ್ಲ ಕಪ್ಪು ಎಂದು ಆಡಿಕೊಂಡರೂ ನನ್ನ ಕೂದಲು ಕೊಂಕುವುದಿಲ್ಲ. ಇವನೊಬ್ಬ ಹಾಗೆ ಅಂದುಕೊಂಡಿದ್ದರೆ ಮಾತ್ರ ನಾನು ಮತ್ತೆ ನರಸೀಪುರದ ಬಸ್ಸು ಹತ್ತುವವಳಲ್ಲ.

"ನಾಗೇಂದ್ರ, ನನ್ ಮದ್ವೆ ಆಲ್ಬಮ್ ನಿಮ್ ಕೈಗೆ ಬಂದ್ರೆ, ನನ್ ಮುಖಾನೂ ಹಿಂಗೇ ಬೆಳ್ಳಗ್ ಮಾಡ್ತೀರಾ?"

ಅವನು ಮೌಸ್ ಬಿಟ್ಟ. ಕುರ್ಚಿ ತಿರುಗಿಸಿ ನನ್ನನ್ನು ನೇರವಾಗಿ ನೋಡಿದ. ಹಣೆ ನೋಡಿದ, ಹುಬ್ಬು ನೋಡಿದ, ಕೆನ್ನೆಯ ಮೇಲಿನ ಹಳೆಯ ಮೊಡವೆ ಕಲೆಯ ಹತ್ತಿರ ಸ್ವಲ್ಪ ಹೊತ್ತು ಕಣ್ಣು ನಿಲ್ಲಿಸಿದ. ಇಷ್ಟು ಮದುವೆಗಳಲ್ಲಿ ಜನರನ್ನು ಹೀಗೆ ನೋಡಿದವಳು ನಾನು. ನೋಡಿಸಿಕೊಂಡರೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಫ್ಯಾನಿನ ಗಾಳಿಯಲ್ಲೂ ಬೆವರಿದೆ.

"ಮುಟ್ಟಲ್ಲ," ಎಂದ. "ಆ ಮುಖ ನಂಗೆ ಹಂಗೇ ಬೇಕು. ಬಯ್ತಾವ್ರಲ್ಲ ಅಂತ ಹೆದರ್ಕೊಂಡ್ಬುಟ್ಟೆ. ತಪ್ಪಾಯ್ತು."

ಮತ್ತೆ ತಿರುಗಿ, ಮಾಡಿದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆದ. ಗಲ್ಲಕ್ಕೆ ಬಣ್ಣ ಬಂತು, ಕುತ್ತಿಗೆಗೆ ಬಂತು. ಕೋಮಲ ಕೋಮಲಳಾದಳು.

ನನ್ನ ಸಿಟ್ಟು ಇಳಿದಿತ್ತು, ಆದರೆ ಹಟ ಇಳಿದಿರಲಿಲ್ಲ. ಬೈಯುವವರೆಲ್ಲ ಬಯಲಿನಲ್ಲಿ ನಿಂತು ಬೈಯುತ್ತಾರೆ, ಮೆಚ್ಚುವವರು ಮಾತ್ರ ಇನ್‌ಬಾಕ್ಸಿಗೆ ಬಂದು ಪಿಸುಗುಟ್ಟುತ್ತಾರೆ, ನಿಮ್ಮದೂ ಅದೇ ಜಾತಕ ಎಂದೆ. ಅವನು ಕೀಬೋರ್ಡ್ ಎಳೆದುಕೊಂಡು ಎರಡೇ ಬೆರಳಲ್ಲಿ ಟಕಟಕ ಏನೋ ಹೊಡೆದ. ನನ್ನ ಕೈಯಲ್ಲಿದ್ದ ಫೋನು ಗುಂಯ್ ಎಂದಿತು.

ಆ ಬೈಗುಳಗಳೆಲ್ಲದರ ಕೆಳಗೆ, ಗಿರಾಕಿಗಳು, ನೆಂಟರು ಎಲ್ಲರೂ ನೋಡುವ ಹಾಗೆ, ತನ್ನ ಹೆಸರಲ್ಲೇ ಬರೆದಿದ್ದ: "ಈ ಫೋಟೋ ತೆಗೆದಿರೋರು ಒಪ್ಪಿದರೆ ಅವರನ್ನೇ ಮದುವೆ ಆಗ್ತೀನಿ. ಇಂತಿ, ನಾಗೇಂದ್ರ, ಟಿ. ನರಸೀಪುರ."

ನನ್ನ ಮುಖವೂ ಪೇಜಿನಲ್ಲಿತ್ತಲ್ಲ, ನಾನು ತಲೆ ಎತ್ತುವುದರೊಳಗೆ ಉತ್ತರಗಳು ಬಿದ್ದವು. ಅಣ್ಣ, ಮೊದಲು ಕಣ್ಣು ಟೆಸ್ಟ್ ಮಾಡಿಸ್ಕೊ ಎಂದು ಒಬ್ಬ. ಕರೆಂಟ್ ಹೋದರೆ ಮನೆಯಲ್ಲಿ ಹೆಂಡತೀನ ಹುಡುಕಬೇಕಾಗುತ್ತೆ ಎಂದು ಇನ್ನೊಬ್ಬ. ನಾಗೇಂದ್ರ ಓದಿದ. ಕಿವಿಯ ತುದಿ ಕೆಂಪಾಯಿತು. ಆದರೂ ಬರೆದದ್ದನ್ನು ಅಳಿಸಲಿಲ್ಲ.

ನನ್ನ ಸ್ಟೂಲನ್ನು ಎಳೆದುಕೊಂಡು ಹೋಗಿ ಅವನ ಪಕ್ಕದಲ್ಲಿ ಕೂತೆ.

"ಮೊದಲ್ನೇ ಸಲ ಅಲ್ವಾ, ಉರೀತದೆ," ಎಂದೆ. "ಅಭ್ಯಾಸ ಆಗೋಗಂಟ ನಾನಿರ್ತೀನಿ."

"ಅಭ್ಯಾಸ ಆದ್ಮೇಲೆ?"

"ಆಮೇಲೂ ಇರ್ತೀನಿ."