ತಡವಾಗದ ದೀಪ

ಮನೆಮನೆಗೆ ಇಂಟರ್ನೆಟ್ ಹಾಕುವುದು ನನ್ನ ಕೆಲಸ. ಈಗೀಗ ಬಲ್ಬಿಗೂ ಫ್ರಿಜ್ಜಿಗೂ ನೆಟ್‌ವರ್ಕ್ ಬೇಕು. ದೆವ್ವಗಿವ್ವ ನಂಬುವ ಜಾಯಮಾನ ನನ್ನದಲ್ಲ.

ಆ ಮಧ್ಯಾಹ್ನ ಒಬ್ಬ ಟೈಲರಮ್ಮನ ಮನೆಯಲ್ಲಿ ಹಳೆಯ ವೈಫೈ ತೆಗೆದು ವೇಗದ್ದನ್ನು ಕೂರಿಸುತ್ತಿದ್ದೆ. ಕಿಟಕಿಯಿಲ್ಲದ ಪ್ಯಾಸೇಜಿಗೆ ಯಾರಾದರೂ ಕಾಲಿಟ್ಟರೆ ಸೆನ್ಸರ್ ಗುರುತಿಸಿ ದೀಪ ಹತ್ತಬೇಕು. ಹಳೆಯ ನೆಟ್‌ವರ್ಕಿನಲ್ಲಿ ಜನ ದಾಟಿಹೋದ ಮೇಲೆ ಅದು ಹತ್ತುತ್ತಿತ್ತಂತೆ. ಅದಕ್ಕೇ ಸೆನ್ಸರನ್ನೂ ಬದಲಿಸಲು ಹೇಳಿದ್ದರು.

“‘ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕ್ದಂಗಾಯ್ತು ನಿನ್ನ ದೀಪ’ ಅಂತ ನಮ್ಮಣ್ಣ ಬೈತಿದ್ದ. ಕಾಲು ಸರಿ ಇರ್ಲಿಲ್ಲ ಅವನಿಗೆ. ಆ ಕತ್ತಲಲ್ಲೇ ಎಡವಿ ಬಿದ್ದ, ಮತ್ತೆ ಏಳಲೇ ಇಲ್ಲ,” ಎಂದು ಆಕೆ ಹೊಲಿಗೆ ಯಂತ್ರ ನಿಲ್ಲಿಸಿದರು. “ಈಗ್ಯಾಕೆ ಅಂತ ಕೇಳ್ಬೇಡಿ. ಬೇಗ ಹತ್ತೋ ಹಾಗೆ ಮಾಡಿಕೊಡಿ.”

ಹೊಸ ನೆಟ್‌ವರ್ಕ್ ಬಂದ ಕೂಡಲೇ ಪ್ಯಾಸೇಜಿನ ದೀಪ ಹತ್ತಿತು. ಅಲ್ಲಿ ಯಾರೂ ಇರಲಿಲ್ಲ. ನೋವಿನೆಣ್ಣೆಯ ವಾಸನೆ ಬಂತು. ನನಗೆ ಮೊಣಕಾಲಿನವರೆಗೆ ಮಾತ್ರ ಚಳಿಯಾಯಿತು. ಒಂದು ಹೆಜ್ಜೆ, ಆಮೇಲೆ ಚಪ್ಪಲಿ ಎಳೆದ ಸದ್ದು. ಮತ್ತೆ ಹೆಜ್ಜೆ, ಮತ್ತೆ ಎಳೆತ. ನಡುದಾರಿಯಲ್ಲೇ ದೀಪ ಆರಿತು. ಸದ್ದೂ ನಿಂತಿತು.

ಆಕೆ ಹೆದರಲಿಲ್ಲ. “ಇನ್ನೊಂಚೂರು ಹೊತ್ತು ಉರಿಯೋ ಹಾಗೆ ಇಡೋಕಾಗತ್ತಾ? ಅವನು ನಿಧಾನ.”

ಫೋನಿನಿಂದ ದೀಪ ಉರಿಯುವ ಸಮಯ ಹೆಚ್ಚಿಸಿದೆ. ದೀಪ ಮತ್ತೆ ಹತ್ತಿತು. ಈ ಸಲ ಹೆಜ್ಜೆಗಳು ಕೊನೆಯ ಕೋಣೆಯವರೆಗೂ ಹೋದವು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

“ಹೊಸ ಸೆನ್ಸರ್ ಚೆನ್ನಾಗಿದೆ,” ಎಂದು ಆಕೆ ಕಣ್ಣೊರೆಸಿಕೊಂಡರು.

ನಾನು ಹೂಂ ಎಂದೆ. ಹಳೆಯ ಸೆನ್ಸರನ್ನು ಬಂದ ತಕ್ಷಣವೇ ಕಿತ್ತಿದ್ದೆ. ಹೊಸದು ಇನ್ನೂ ನನ್ನ ಚೀಲದಲ್ಲಿ, ಸೀಲ್ ಒಡೆಯದ ಡಬ್ಬಿಯೊಳಗೇ ಇತ್ತು.