ಮೂರನೆಯ ಅಚ್ಚು

ಕೊಂಬಿನ ಮೇಷ್ಟ್ರು ತೊಡೆಮೂಳೆಯ ಮೂರನೆಯ ಅಚ್ಚನ್ನು ಅವಳ ಮೇಜಿನ ಮೇಲಿಟ್ಟು, ಇದೂ ಅಷ್ಟು ಸರಿ ಬಂದ ಹಾಗಿಲ್ಲ ಎಂದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮ್ಯೂಸಿಯಮ್ಮಿನಲ್ಲಿ ಅವಳ ಕೆಲಸ ಡೈನೊಸಾರ್ ಮೂಳೆ ಕೊಯ್ಯುವುದು. ಮರದ ಬೊಡ್ಡೆಯಲ್ಲಿದ್ದಂತೆ ಮೂಳೆಯೊಳಗೂ ವರ್ಷಕ್ಕೊಂದು ಗೆರೆ. ಎಣಿಸಿದರೆ ವಯಸ್ಸು ತಿಳಿಯುತ್ತದೆ. ಕೊಂಬಿನ ಡೈನೊಸಾರ್ ಮರಿಯಿಂದ ಮುದಿಯವರೆಗೆ ಬೆಳೆದ ಬಗೆ ತೋರಿಸಲು ಐದು ಮೂಳೆ ಬೇಕಿತ್ತು. ನಾಲ್ಕು ಮುಗಿದಿದ್ದವು. ಐದನೆಯದಾದ ಈ ತೊಡೆಮೂಳೆ, ಡೈನೊಸಾರ್ ಕೊಂಬುಗಳನ್ನೇ ಅಭ್ಯಾಸ ಮಾಡಿ ಆ ಹೆಸರು ಪಡೆದ ಮೇಷ್ಟ್ರ ವಶದಲ್ಲಿತ್ತು; ಅವರ ಸಹಿಯಿಲ್ಲದೆ ಕೊಯ್ಯುವಂತಿರಲಿಲ್ಲ. ಅದರ ಜೊತೆ ಸಿಕ್ಕ ಪುಟ್ಟ ತಲೆಬುರುಡೆಯನ್ನು ಅವರು ಹೊಸ ಜಾತಿಯೆಂದು ಸಾರಿ, ಹೆಸರೂ ಇಟ್ಟುಬಿಟ್ಟಿದ್ದರು. ತೊಡೆಮೂಳೆ ಕೊಯ್ದಾಗ ಆ ಪ್ರಾಣಿ ಹಳೆಯ ಜಾತಿಯದೇ ಮರಿಯೆಂದು ಗೊತ್ತಾದರೆ ಹೆಸರಿಗೆ ಎಳ್ಳುನೀರು.

ಕೊಯ್ಯುವ ಮುಂಚೆ ಮೂಳೆಯ ಆಕಾರ ಉಳಿಯಲೆಂದು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದಿಡುವುದು ನಿಯಮ. ಆ ನಿಯಮವನ್ನೇ ಹಿಡಿದು ಮೇಷ್ಟ್ರು ಎರಡು ವರ್ಷ ಎಳೆದಿದ್ದರು.

ಬೈಯೋಣವೆಂದರೆ ಮನುಷ್ಯ ಅದಕ್ಕೂ ಬಿಡುತ್ತಿರಲಿಲ್ಲ. ಅವಳ ಕನ್ನಡಕಕ್ಕೆ ಮೆತ್ತಿದ ಮೂಳೆಪುಡಿ ನೋಡಿ ಕರವಸ್ತ್ರ ಚಾಚುವುದು, ಚಾಚಿದ್ದಕ್ಕೆ ತಾನೇ ನಾಚುವುದು. ಅವಳ ಅಕ್ಕ ಫೋನಿನಲ್ಲಿ, ನಿನ್ನ ಮಾತಿನಲ್ಲಿ ಮೂಳೆಗಿಂತ ಮೇಷ್ಟ್ರೇ ಜಾಸ್ತಿ ಬರುತ್ತಾರಲ್ಲ ಎಂದು ಕೇಳಿ ಬೈಸಿಕೊಂಡಿದ್ದಳು.

ಇಂದು ಅವಳು ಹಳೆಯ ಎರಡು ಅಚ್ಚುಗಳನ್ನೂ ಕಪಾಟಿನಿಂದ ಇಳಿಸಿ, ಹೊಸದರ ಪಕ್ಕದಲ್ಲಿಟ್ಟು ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಮೂರೂ ಸರಿಯಾಗೇ ಇವೆ. ನಿಮ್ಮ ಹೊಸ ಜಾತಿ ಉಳಿಸ್ಕೊಳ್ಳೋಕೆ ನನ್ನ ಎರಡು ವರ್ಷ ತಿಂದ್ರಿ."

ಮೇಷ್ಟ್ರು ಕಿಟಕಿ ನೋಡಿದರು, ಗರಗಸ ನೋಡಿದರು, ಕೊನೆಗೆ ಅವಳನ್ನು ನೋಡಿದರು.

"ಅದು ಮರೀನೇ. ಕೊಂಬು ಹಿಂದಕ್ಕೆ ಬಾಗಿದೆ, ದೊಡ್ಡದಾದ್ಮೇಲೆ ಮುಂದಕ್ಕೆ ತಿರುಗುತ್ತೆ. ನನಗೆ ಮೊದಲನೇ ಅಚ್ಚು ತೆಗೆಯುವಾಗಲೇ ಗೊತ್ತಾಯ್ತು."

"ಮತ್ತೆ?"

"ಕೊಯ್ದ್ಮೇಲೆ ಈ ರೂಮಲ್ಲಿ ನನಗೇನು ಕೆಲಸ ಇರುತ್ತೆ?"

ಅಚ್ಚನ್ನು ಅವರ ತಲೆಗೆ ಎಸೆಯಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಮೂಳೆ ಕೊಯ್ಯಲು ಬೇಕಾದ ಒಪ್ಪಿಗೆ ಪತ್ರ ಮುಂದೆ ತಳ್ಳಿದಳು. ಅವರು ತಕರಾರಿಲ್ಲದೆ ಸಹಿ ಹಾಕಿದರು. ಅಷ್ಟು ಸುಲಭವಾಗಿ ಹಾಕಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮೂರೂ ಅಚ್ಚುಗಳನ್ನು ಎತ್ತಿ ಅವರ ತೋಳಿಗೆ ಹೇರಿದಳು.

"ಇವನ್ನ ತಗೊಂಡ್ ಹೋಗಿ. ನಾಳೆ ಬರೋದಾದ್ರೆ ಬರಿಗೈಲಿ ಬನ್ನಿ."

ಮೇಷ್ಟ್ರು ಹೊರಟರು. ಬಾಗಿಲಾಚೆ ಒಂದೊಂದಾಗಿ ಮೂರು ಅಚ್ಚು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಖಾಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತೋಚದೆ ಅವರು ಹೊಸ್ತಿಲ ಮೇಲೆ ನಿಂತಿದ್ದರು.

"ಇವತ್ತೇ ಬಂದ್ರೆ ಆಗುತ್ತಾ?"

ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಇನ್ನೊಂದು ಸ್ಟೂಲನ್ನು ಕಾಲಿನಿಂದ ತನ್ನ ಪಕ್ಕಕ್ಕೆ ಎಳೆದಳು.